ಒಂದು ಷರ್ಟಿಗೆ ಹತ್ತು ರೂಪಾಯಿ

ಹೋದ ಸಲ ಈ ಅಂಕಣದಲ್ಲಿ ಊರಿಂದಲೇ ಲ್ಯಾಪ್‌ಟಾಪ್ ಇಟ್ಕೊಂಡು ಕೆಲಸ ಮಾಡೋದರ ಬಗ್ಗೆ ಬರೆದಿದ್ದೆ. ಬಂದ ಮೆಸೇಜುಗಳಲ್ಲಿ ಅರ್ಧಕ್ಕರ್ಧ ಒಂದೇ ಥರ. "ನಿಮಗೇನ್ರೀ, ಇಂಜಿನಿಯರಿಂಗ್ ಓದಿದ್ದೀರಿ. ನಮ್ಮಕ್ಕ ಎಸ್ಸೆಸ್ಸೆಲ್ಸಿ, ಎರಡು ಮಕ್ಕಳು. ಅವಳು ಮನೇಲಿದ್ದೇ ಏನು ಮಾಡಬಹುದು ಹೇಳಿ."

ಇಂಥ ಪ್ರಶ್ನೆಗೆ ಯೂಟ್ಯೂಬ್ ಕೊಡೋ ಉತ್ತರಗಳು ನಿಮಗೂ ಗೊತ್ತು. ಅಣಬೆ ಬೆಳೆಯಿರಿ, ಮೇಣದಬತ್ತಿ ಮಾಡಿ, ತಿಂಗಳಿಗೆ ಐವತ್ತು ಸಾವಿರ ಗಳಿಸಿ. ಅವುಗಳ ಬಗ್ಗೆ ನಾನೇನೂ ಹೇಳಲ್ಲ. ನಾನು ಹತ್ತಿರದಿಂದ ನೋಡಿ ಲೆಕ್ಕ ಬರೆದಿಟ್ಟಿರೋದು ಒಂದೇ ಕೆಲಸ. ಇಸ್ತ್ರಿ. ಮಾಡ್ತಿರೋದು ಕೊಣನೂರಿನಲ್ಲಿರೋ ನಮ್ಮ ದೊಡ್ಡಮ್ಮನ ಸೊಸೆ, ಅಂದರೆ ನನಗೆ ಅತ್ತಿಗೆ.

ಕೊಣನೂರು ಗೊತ್ತಿಲ್ಲದವರಿಗೆ: ಅರಕಲಗೂಡು ತಾಲ್ಲೂಕು, ಕಾವೇರಿ ದಂಡೆ. ತೂಗುಸೇತುವೆ ಮೇಲೆ ನಿಂತು ತೆಗೆಸಿಕೊಂಡ ಫೋಟೊ ನಮ್ಮೂರಿನ ಪ್ರತಿ ಮನೇಲೂ ಒಂದಿರುತ್ತೆ. ಪಕ್ಕದ ರಾಮನಾಥಪುರದಲ್ಲಿ ಸುಬ್ರಹ್ಮಣ್ಯನ ದೇವಸ್ಥಾನ, ಜೊತೆಗೆ ಹೊಗೆಸೊಪ್ಪಿನ ಹರಾಜು ಮಾರುಕಟ್ಟೆ. ಈ ಕಡೆ ಅನೇಕ ಮನೆಗಳಲ್ಲಿ ದುಡ್ಡು ಓಡಾಡೋದು ಹೊಗೆಸೊಪ್ಪು ಮಾರಾಟವಾದ ಮೇಲೆ. ಅಣ್ಣನಿಗೂ ಅದೇ ಬೇಸಾಯ. ಬ್ಯಾರನ್ನಿಗೆ ಸೊಪ್ಪು ಏರಿಸುವಾಗ ಮೇಲಿಂದ ಬಿದ್ದು ಸೊಂಟ ಪೆಟ್ಟಾಯ್ತು. ಒಂದು ವರ್ಷ ಭಾರ ಎತ್ತೋ ಹಾಗಿಲ್ಲ ಅಂದರು ಡಾಕ್ಟರು. ಅಲ್ಲಿಂದ ಶುರು.

ಅತ್ತಿಗೆ ಟೈಲರಿಂಗ್ ಕಲಿತಿಲ್ಲ, ಹಪ್ಪಳ ಮಾಡೋರು ಬೀದಿಗೆ ನಾಲ್ಕು ಜನ ಇದ್ದಾರೆ. "ನಂಗೆ ಚೆನ್ನಾಗಿ ಬರೋದು ಐರನ್ ಒಂದೇ ಕಣಪ್ಪ. ಮದುವೆಗೆ ಮುಂಚೆ ನಮ್ಮಪ್ಪನ ಪಂಚೆ, ಷರ್ಟು ಎಲ್ಲಾ ನಾನೇ ಮಾಡ್ತಿದ್ದೆ" ಅಂದರು. ಯಂತ್ರ ಬೇಡ, ಅಂಗಡಿ ಬಾಡಿಗೆ ಬೇಡ, ಮಾಲು ತಂದು ತುಂಬೋ ತಾಪತ್ರಯ ಇಲ್ಲ. ಗಿರಾಕಿಯ ಬಟ್ಟೆ, ನಮ್ಮ ಕೈ, ಕರೆಂಟು.

ದೊಡ್ಡಮ್ಮ ಮೂರು ದಿನ ಮಾತು ಬಿಟ್ಟರು. ನಾಲ್ಕನೇ ದಿನ ಹೇಳಿದ್ದು, "ನಮ್ಮನೆ ಸೊಸೆ ಊರೋರ ಬಟ್ಟೆ ತಿಕ್ಕದಾ? ಜನ ಏನಂದ್ಕಂಡಾರು?"

ಇದನ್ನ ಸುಮ್ಮನೆ ಹಳೇ ಕಾಲದವರ ಮಾತು ಅಂತ ಪಕ್ಕಕ್ಕಿಡೋಕೆ ಆಗಲ್ಲ. ನೀವು ಮನೇಲಿ ಈ ಕೆಲಸ ಶುರು ಮಾಡ್ತೀನಿ ಅಂದರೆ ಮೊದಲು ಎದುರಾಗೋದು ಇದೇ. ಬೆಂಗಳೂರಲ್ಲಿ ಆಪ್ ಮೂಲಕ ಬಟ್ಟೆ ಎತ್ಕೊಂಡು ಹೋದರೆ ಅದು ಸ್ಟಾರ್ಟಪ್, ಕೊಣನೂರಲ್ಲಿ ಕೈಯಲ್ಲಿ ತಗೊಂಡರೆ ಜಾತಿ. ಹಿಂದೆ ಹಳ್ಳಿಗಳಲ್ಲಿ ಬಡಗಿ, ಕಮ್ಮಾರ, ಕುಂಬಾರ, ಅಗಸ ಇವರೆಲ್ಲ ಆಯಗಾರರು. ವರ್ಷವಿಡೀ ಊರವರ ಬಟ್ಟೆ ಒಗೆದರೆ ಸುಗ್ಗೀಲಿ ಕಣದ ಹತ್ತಿರ ರಾಗಿಯೋ ಭತ್ತವೋ ಅಳೆದು ಕೊಡೋರು. ಅದೇ ಆಯ. ಒಂದು ಬಟ್ಟೆಗೆ ಇಷ್ಟು ಅಂತ ದರ ಇರಲಿಲ್ಲ. ಕೊಟ್ಟಷ್ಟು ತಗೋಬೇಕು. ಈ ಕೆಲಸಕ್ಕೆ ಇವತ್ತಿಗೂ ಜನ ಬೆಲೆ ಕಟ್ಟುವಾಗ ಕೈ ಹಿಡಿಯೋದರ ಹಿಂದೆ ಆ ಅಭ್ಯಾಸ ಇದೆ ಅಂತ ನನಗನ್ನಿಸುತ್ತೆ. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರ ಜೊತೆಗಿದ್ದ ಮಡಿವಾಳ ಮಾಚಿದೇವರ ಜಯಂತಿಯನ್ನ ಪ್ರತಿ ಫೆಬ್ರವರಿ 1ಕ್ಕೆ ಸರ್ಕಾರವೇ ಆಚರಿಸುತ್ತೆ. ಫೋಟೊಗೆ ಹಾರ ಹಾಕ್ತೀವಿ. ಮಾರನೇ ದಿನ ಷರ್ಟಿಗೆ ಹತ್ತು ರೂಪಾಯಿ ಅಂದರೆ "ಎಂಟು ತಗೊಳ್ಳಿ" ಅಂತೀವಿ.

ಊರಲ್ಲಿ ಇಸ್ತ್ರಿ ಅಂಗಡಿ ಇಲ್ಲ ಅಂತಲ್ಲ. ಬಸ್‌ಸ್ಟ್ಯಾಂಡ್ ಕಡೆ ಮಡಿವಾಳರ ತಾತ ಒಬ್ಬರಿದ್ದಾರೆ. ಎಪ್ಪತ್ತು ದಾಟಿದೆ. ಇದ್ದಿಲು ಪೆಟ್ಟಿಗೆ ಹಿಡಿದೇ ಮಗನ್ನ ಓದಿಸಿದರು, ಮಗ ಈಗ ಮೈಸೂರಲ್ಲಿ ಕೆಲಸದಲ್ಲಿದ್ದಾನೆ. ಆರೇಳು ಕೆಜಿ ತೂಗೋ ಆ ಪೆಟ್ಟಿಗೆಯನ್ನ ತಾತ ಈಗ ಬೆಳಗ್ಗೆ ಹೊತ್ತು ಮಾತ್ರ ಎತ್ತುತ್ತಾರೆ.

ಅಣ್ಣನ ಲೆಕ್ಕ ಸರಳವಾಗಿತ್ತು. ತಾತನದು ಹತ್ತು ರೂಪಾಯಿ, ನಾವು ಆರಕ್ಕೆ ಕೊಟ್ಟರೆ ಊರೆಲ್ಲಾ ನಮ್ಮ ಕಡೆಗೇ ಬರುತ್ತೆ. ನಮ್ಮ ಐಟಿ ಕಂಪನಿಗಳು ಮಾಡೋದೂ ಅದನ್ನೇ ತಾನೆ. ಅತ್ತಿಗೆ ಒಪ್ಪಲಿಲ್ಲ. ಒಂದು ಸಂಜೆ ಎಲೆಅಡಿಕೆ ಬಾಳೆಹಣ್ಣು ಹಿಡ್ಕೊಂಡು ತಾತನ ಮನೆಗೇ ಹೋದರು. ನಾನೂ ಜೊತೇಲಿದ್ದೆ. ವಿಷಯ ಹೇಳಿದ್ದಕ್ಕೆ ತಾತ ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಮಾಡ್ರವ್ವ, ಯಾರು ಬ್ಯಾಡ ಅಂದ್ರು. ರೇಟು ಮಾತ್ರ ಇಳಿಸಬ್ಯಾಡಿ. ಹತ್ತು ರೂಪಾಯಿ ಮಾಡ್ಸಕ್ಕೆ ನಂಗೆ ಎಷ್ಟು ವರ್ಷ ಆಯ್ತು ಗೊತ್ತಾ?"

ಅತ್ತಿಗೆ ಹತ್ತೇ ಅಂದುಕೊಂಡು ಬಂದರು. ನನ್ನ ಪ್ರಕಾರ ಇಡೀ ಕೆಲಸದಲ್ಲಿ ತೆಗೆದುಕೊಂಡ ಅತ್ಯಂತ ಒಳ್ಳೆ ನಿರ್ಧಾರ ಅದು. ಯಾಕೆ ಅನ್ನೋದಕ್ಕೆ ಲೆಕ್ಕ ಕೊಡ್ತೀನಿ. ಇದೆಲ್ಲ ನಾವೇ ಪುಸ್ತಕದಲ್ಲಿ ಬರೆದಿಟ್ಟದ್ದು.

ಶುರುವಿನಲ್ಲಿ ಹಾಕಿದ ದುಡ್ಡು ನಾಲ್ಕೂವರೆ ಸಾವಿರ. ಒಂದು ಸಾವಿರ ವಾಟ್‌ನ, ಸ್ವಲ್ಪ ತೂಕವಿರೋ ಇಸ್ತ್ರಿ ಪೆಟ್ಟಿಗೆ, ಬಡಗಿ ಹತ್ತಿರ ಮಾಡಿಸಿದ ಟೇಬಲ್ಲು, ಹಳೇ ಕಂಬಳಿ ಮೇಲೆ ಹೊದಿಸೋಕೆ ಕಾಟನ್ ಬಟ್ಟೆ, ಹ್ಯಾಂಗರು, ವೈರಿಂಗು. ಟೇಬಲ್ಲಿನ ಎತ್ತರಕ್ಕೆ ಬಡಗಿ ಜೊತೆ ಜಗಳವೇ ಆಯ್ತು. ಅಡುಗೆಮನೆ ಕಟ್ಟೆಯ ಅಳತೆಗೆ ಮಾಡಿದ್ದ. ನಿಂತಾಗ ಮೊಣಕೈಗಿಂತ ಸ್ವಲ್ಪ ಕೆಳಗಿರಬೇಕು, ಇಲ್ಲಾಂದ್ರೆ ಭುಜ ಹಿಡ್ಕೊಳ್ಳುತ್ತೆ. ಕಾಲು ಕೊಯ್ಸಿದ ಮೇಲೆ ಸರಿಹೋಯ್ತು. ಸಾವಿರ ವಾಟ್‌ನ ಪೆಟ್ಟಿಗೆ ಎಳೆಯೋದು ನಾಲ್ಕೂವರೆ ಆಂಪಿಯರ್ ಹತ್ತಿರ, ಹಾಗಾಗಿ ಮನೆಯ ಮಾಮೂಲಿ ಸಾಕೆಟ್ ತಡೆಯುತ್ತೆ. ಆದರೆ ಎರಡು ಸಾವಿರ ವಾಟ್‌ನ ಸ್ಟೀಮ್ ಪೆಟ್ಟಿಗೆ ತರೋದಾದರೆ 16 ಆಂಪಿಯರ್ ಸಾಕೆಟ್ ಬೇಕೇ ಬೇಕು. ಅರ್ತಿಂಗ್ ಪರೀಕ್ಷೆ ಮಾಡಿಸದೆ ಎರಡರಲ್ಲಿ ಯಾವುದನ್ನೂ ಚುಚ್ಚಬೇಡಿ.

ಕರೆಂಟಿನ ವಿಷಯದಲ್ಲಿ ಎಲ್ಲರೂ ಹೇಳಿದ್ದು, "ಗೃಹಜ್ಯೋತಿ ಇದೆಯಲ್ಲ, ಫ್ರೀ." 2023ರಲ್ಲಿ ಬಂದ ಆ ಯೋಜನೇಲಿ 200 ಯೂನಿಟ್ ಅನ್ನೋದು ಮೇಲಿನ ಮಿತಿ. ನಿಮ್ಮ ಮನೆಗೆ ಉಚಿತವಾಗಿ ಸಿಗೋದು 2022-23ರಲ್ಲಿ ನೀವು ಬಳಸಿದ ಸರಾಸರಿ, ಅದರ ಮೇಲೆ ಒಂದಿಷ್ಟು. ಅದು ದಾಟಿದ್ದಕ್ಕೆ ದುಡ್ಡು ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ಲೇ ಬರುತ್ತೆ. ಎಲ್ಲಕ್ಕಿಂತ ಹೆಚ್ಚಾಗಿ ಅದು ಮನೆ ಬಳಕೆಗೆ ಇರೋದು, ವ್ಯಾಪಾರಕ್ಕಲ್ಲ. ಅತ್ತಿಗೆ ಸೆಸ್ಕ್ ಕಚೇರಿಗೆ ಹೋಗಿ ವಿಚಾರಿಸಿ ಆ ಕೋಣೆಗೆ ಬೇರೆ ಮೀಟರ್ ಹಾಕಿಸಿಕೊಂಡರು.

ಈಗ ಲೆಕ್ಕ ನೋಡಿ. ಮಕ್ಕಳು ಸ್ಕೂಲಿಗೆ ಹೋದ ಮೇಲೆ ಎರಡು ಗಂಟೆ, ರಾತ್ರಿ ಊಟ ಆದ ಮೇಲೆ ಎರಡು ಗಂಟೆ. ಷರ್ಟು, ಪ್ಯಾಂಟು ಸೇರಿಸಿ ಗಂಟೆಗೆ ಒಂಬತ್ತು. ತಾತ ಇಪ್ಪತ್ತು ಮಾಡ್ತಾರೆ, ಅದು ಬೇರೆ ಮಾತು. ದಿನಕ್ಕೆ 36 ಬಟ್ಟೆ, 360 ರೂಪಾಯಿ. ಕರೆಂಟು ದಿನಕ್ಕೆ ಎರಡೂವರೆ ಯೂನಿಟ್. ಪೆಟ್ಟಿಗೆ ಕಾದ ಮೇಲೆ ತಾನಾಗೇ ಆಫ್ ಆಗಿ ಆನ್ ಆಗುತ್ತಲ್ಲ, ಅದಕ್ಕೇ ನಾಲ್ಕು ಗಂಟೆಗೆ ನಾಲ್ಕು ಯೂನಿಟ್ ಆಗಲ್ಲ. ತಿಂಗಳಿಗೆ 26 ದಿನ ಅಂದರೆ 9,360 ರೂಪಾಯಿ ಬರುತ್ತೆ. ಕರೆಂಟ್ ಬಿಲ್ಲು ಏಳುನೂರು ಚಿಲ್ಲರೆ. ಕವರು, ಪಿನ್ನು, ಹ್ಯಾಂಗರಿಗೆ ನಾನೂರೈವತ್ತು. ಉಳಿಯೋದು ಎಂಟು ಸಾವಿರದ ಇನ್ನೂರರ ಸುತ್ತ. ಈ ಮಟ್ಟಕ್ಕೆ ಬಂದದ್ದು ನಾಲ್ಕನೇ ತಿಂಗಳಲ್ಲಿ. ಮೊದಲನೇ ತಿಂಗಳು ಕೈಗೆ ಬಂದದ್ದು 1,140.

ನರೇಗಾದಲ್ಲಿ ಕರ್ನಾಟಕಕ್ಕೆ 2025-26ಕ್ಕೆ ನಿಗದಿಯಾದ ದಿನಗೂಲಿ 370 ರೂಪಾಯಿ. ಅಂದರೆ ನಾಲ್ಕು ಗಂಟೆ ನಿಂತು ಇಸ್ತ್ರಿ ಮಾಡಿದರೆ ಹೆಚ್ಚುಕಡಿಮೆ ಒಂದು ದಿನದ ಕೂಲಿ, ಅದೂ ಖರ್ಚು ಕಳೆಯೋಕೆ ಮುಂಚೆ. ದರ ಆರಕ್ಕೆ ಇಳಿಸಿದ್ದರೆ? ಅದೇ 936 ಬಟ್ಟೆಗೆ 5,616 ಬರ್ತಿತ್ತು. ಖರ್ಚು ಮಾತ್ರ ಅಷ್ಟೇ ಇರ್ತಿತ್ತು. ಕೈಗೆ ನಾಲ್ಕೂವರೆ ಸಾವಿರ, ತಾತನ ಕೈಗೆ ಸೊನ್ನೆ.

ಗಿರಾಕಿ ಎಲ್ಲಿಂದ ಬಂದರು ಅನ್ನೋದು ನೀವೆಲ್ಲ ಕೇಳಿದ ಇನ್ನೊಂದು ಪ್ರಶ್ನೆ. ವಾಟ್ಸಾಪ್ ಸ್ಟೇಟಸ್ ಹಾಕಿದ್ವಿ, ಇಲ್ಲ ಅನ್ನಲ್ಲ. ಎಪ್ಪತ್ತು ಜನ ನೋಡಿದರು, ಹನ್ನೆರಡು ಜನ ಕೈ ಮುಗಿಯೋ ಗುರುತು ಕಳಿಸಿದರು. ಒಬ್ಬರೂ ಬಟ್ಟೆ ಕೊಡಲಿಲ್ಲ. ಅತ್ತಿಗೆ ಯೋಚಿಸಿದ ರೀತಿಯೇ ಬೇರೆ. ಕೊಣನೂರಲ್ಲಿ ದಿನಾ ಇಸ್ತ್ರಿ ಬಟ್ಟೆ ಹಾಕಲೇಬೇಕಾದವರು ಯಾರು? ಟೀಚರುಗಳು, ಬ್ಯಾಂಕಿನವರು, ಕಾಲೇಜಿನ ಲೆಕ್ಚರರ್‌ಗಳು, ಕಂಡಕ್ಟರುಗಳು, ಅರಕಲಗೂಡು ಕೋರ್ಟಿಗೆ ಹೋಗೋ ವಕೀಲರು, ಬಿಳೀ ಷರ್ಟಿನ ರಾಜಕೀಯದವರು. ಇವರಲ್ಲಿ ತುಂಬಾ ಜನ ಬೆಳಗ್ಗೆ ಅರಕಲಗೂಡು, ಹಾಸನದ ಕಡೆಗೋ ಕುಶಾಲನಗರದ ಕಡೆಗೋ ಬಸ್ ಹತ್ತಿ ಸಂಜೆ ಇಳಿಯೋರು. ತಾತನ ಅಂಗಡಿ ತೆಗೆದಿರೋ ಹೊತ್ತಲ್ಲಿ ಇವರು ಊರಲ್ಲೇ ಇರಲ್ಲ.

ಹಾಗಾಗಿ ಅತ್ತಿಗೆ ತಾತನ ಗಿರಾಕಿಗಳನ್ನ ಮುಟ್ಟದೆ, ಸಂಜೆ ಬಸ್ಸಿನಿಂದ ಇಳಿಯೋರನ್ನ ಹಿಡಿದರು. ಸಂಜೆ ಮನೆಗೆ ಹೋಗ್ತಾ ಬಟ್ಟೆ ಕೊಟ್ಟರೆ ಬೆಳಗ್ಗೆ ಬಸ್ಸಿಗೆ ಹೋಗ್ತಾ ತಗೋಬಹುದು. ಮೊದಲು ಬಂದದ್ದು ಹಿಂದಿನ ಬೀದಿಯ ಹೈಸ್ಕೂಲ್ ಟೀಚರ್. ಪರೀಕ್ಷೆ ಮಾಡೋ ಹಾಗೆ ಒಂದೇ ಒಂದು ಕಾಟನ್ ಸೀರೆ ಕೊಟ್ಟರು. ಅತ್ತಿಗೆ ಅದಕ್ಕೆ ಅನ್ನದ ಗಂಜಿ ತೆಳ್ಳಗೆ ಹಾಕಿ, ಇನ್ನೂ ಸ್ವಲ್ಪ ಹಸಿ ಇರುವಾಗಲೇ ಇಸ್ತ್ರಿ ಹೊಡೆದು ಕೊಟ್ಟರು. ಆ ಸೀರೆ ಸ್ಟಾಫ್‌ರೂಮಿಗೆ ಹೋಯ್ತು. ಮುಂದಿನ ವಾರ ಅದೇ ಸ್ಟಾಫ್‌ರೂಮಿನಿಂದ ನಾಲ್ಕು ಜನ.

ಎರಡನೇ ಅಲೆ ಬಂದದ್ದು ಜೇಬಿನಿಂದ. ಒಬ್ಬ ಬ್ಯಾಂಕ್ ನೌಕರರ ಪ್ಯಾಂಟಿನಲ್ಲಿ ಐನೂರರ ನೋಟು ಸಿಕ್ಕಿತು. ಅದನ್ನ ಚಿಕ್ಕ ಕವರಿಗೆ ಹಾಕಿ ಅದೇ ಜೇಬಿಗೆ ಪಿನ್ ಮಾಡಿ ಕೊಟ್ಟರು. ಅವರು ಆ ಕಥೆಯನ್ನ ಕೌಂಟರಿಗೆ ಬಂದವರಿಗೆಲ್ಲ ಹೇಳಿರಬೇಕು. ಈಗ ಜೇಬಲ್ಲಿ ಏನೇ ಸಿಗಲಿ, ಬಸ್ ಟಿಕೆಟ್ಟಾದರೂ ಸರಿ, ಕವರಿಗೆ ಹೋಗುತ್ತೆ. ಒಂದು ಸಲ ಬರೀ ಎರಡು ಏಲಕ್ಕಿ.

ಬಟ್ಟೆ ಅದಲುಬದಲಾಗದ ಹಾಗೆ ನೋಡಿಕೊಳ್ಳೋದು ಇಸ್ತ್ರಿಗಿಂತ ಕಷ್ಟ. ಹಿಂದಿನವರು ಕಾಡುಗೇರು ಕಾಯಿಯ ರಸದಲ್ಲಿ ಬಟ್ಟೆಯ ಅಂಚಿಗೆ ಒಂದೊಂದು ಮನೆಗೆ ಒಂದೊಂದು ಗುರುತು ಹಾಕ್ತಿದ್ದರು. ಎಷ್ಟು ಒಗೆದರೂ ಹೋಗಲ್ಲ. ನಾವು ಡೇಟಾಬೇಸಿನಲ್ಲಿ ಪ್ರೈಮರಿ ಕೀ ಅಂತೀವಲ್ಲ, ಅದು ಓದುಬರಹ ಬಾರದವರ ಕೈಯಲ್ಲಿ ನಮಗಿಂತ ಎಷ್ಟೋ ಮುಂಚೆ ಇತ್ತು. ಅತ್ತಿಗೆ ನಂಬರ್ ಬರೆದ ಬಟ್ಟೆ ಚೂರನ್ನ ಪಿನ್ನಿನಲ್ಲಿ ಸಿಕ್ಕಿಸ್ತಾರೆ. ಡೂಪ್ಲಿಕೇಟ್ ಪುಸ್ತಕದಲ್ಲಿ ಹೆಸರು, ಎಣಿಕೆ, ಮೊದಲೇ ಇದ್ದ ಕಲೆ, ಕಿತ್ತುಹೋದ ಗುಂಡಿ ಎಲ್ಲಾ ಬರೆದು ಒಂದು ಹಾಳೆ ಗಿರಾಕಿಗೆ. ಕಲೆ ಬರೆದುಕೊಳ್ಳೋದನ್ನ ಯಾವ ಕಾರಣಕ್ಕೂ ಬಿಡಬೇಡಿ. ಇಲ್ಲದಿದ್ದರೆ ಹಳೇ ಅರಿಶಿನದ ಕಲೆಗೂ ನೀವೇ ಜವಾಬ್ದಾರರಾಗ್ತೀರಿ.

ಸುಟ್ಟದ್ದೂ ಉಂಟು. ಎರಡನೇ ತಿಂಗಳು ನೈಲಾನ್ ಮಿಶ್ರದ ಒಂದು ಬ್ಲೌಸು ಪೆಟ್ಟಿಗೆಗೆ ಅಂಟಿಕೊಂಡು ಬಂತು. ಅತ್ತಿಗೆ ಒಂದು ಮಾತೂ ಆಡದೆ ನಾನೂರೈವತ್ತು ಕೊಟ್ಟರು. ಒಂದೂಕಾಲು ದಿನದ ದುಡಿಮೆ. ಆಮೇಲೆ ಬಟ್ಟೆಯ ಒಳಗಿರೋ ಲೇಬಲ್ ಓದೋದನ್ನ ಇಬ್ಬರೂ ಕೂತು ಕಲಿತ್ವಿ. ಇಸ್ತ್ರಿ ಪೆಟ್ಟಿಗೆ ಚಿತ್ರದೊಳಗೆ ಒಂದು ಚುಕ್ಕಿ ಇದ್ದರೆ ಗರಿಷ್ಠ 110 ಡಿಗ್ರಿ, ಎರಡಿದ್ದರೆ 150, ಮೂರಿದ್ದರೆ 200. ನೈಲಾನ್, ಅಕ್ರಿಲಿಕ್ ಒಂದು ಚುಕ್ಕಿ, ರೇಷ್ಮೆ, ಉಣ್ಣೆ, ಪಾಲಿಯೆಸ್ಟರ್ ಎರಡು, ಹತ್ತಿ, ಲಿನನ್ ಮೂರು. ಲೇಬಲ್ ಇಲ್ಲದಿದ್ದರೆ ಒಳ ಹೊಲಿಗೆ ಹತ್ತಿರ ಕಡಿಮೆ ಶಾಖದಲ್ಲಿ ಮುಟ್ಟಿಸಿ ನೋಡಬೇಕು. ಯೂನಿಫಾರ್ಮ್ ಪ್ಯಾಂಟನ್ನ ಒಳಮಗ್ಗುಲಿಂದ ಮಾಡಿ, ಇಲ್ಲಾಂದ್ರೆ ಮಿಣಮಿಣ ಹೊಳಪು ಕೂರುತ್ತೆ. ಜರಿ ಸೀರೆಗೆ ಮೇಲೊಂದು ತೆಳು ಕಾಟನ್ ಬಟ್ಟೆ.

ಮಳೆಗಾಲದಲ್ಲಿ ಕೆಲಸ ಜಾಸ್ತಿ, ಕಿರಿಕಿರಿಯೂ ಜಾಸ್ತಿ. ಸೋನೆ ಹಿಡಿದರೆ ಬಟ್ಟೆ ಒಣಗಲ್ಲ, ಜನ ಹಸಿಯನ್ನೇ ತಂದುಕೊಡ್ತಾರೆ. ಒಣಗಿಸೋದಕ್ಕೇ ಅರ್ಧ ಕರೆಂಟು ಹೋಗುತ್ತೆ, ಮುಗ್ಗಲು ವಾಸನೆ ಬೇರೆ. ಹಸಿ ಬಟ್ಟೆಗೆ ಅತ್ತಿಗೆ ಈಗ ಎರಡು ರೂಪಾಯಿ ಹೆಚ್ಚು ತಗೋತಾರೆ. ಕರೆಂಟು ಹೋದ ರಾತ್ರಿ ಏನು ಮಾಡೋದು ಅನ್ನೋದಕ್ಕೂ ತಾತನೇ ದಾರಿ. ಅವರ ಇನ್ನೊಂದು ಇದ್ದಿಲು ಪೆಟ್ಟಿಗೆ ಇವರ ಮನೆಗೆ ಬಂದಿದೆ. ಇದ್ದಿಲಿನ ಹೊಗೆ ಒಳ್ಳೇದಲ್ಲ, ಹಜಾರದ ಹೊರಗೆ ಇಟ್ಟೇ ಮಾಡ್ತಾರೆ. ತಿರುವಣ್ಣಾಮಲೈನ ವಿನೀಶಾ ಉಮಾಶಂಕರ್ ಅನ್ನೋ ಹುಡುಗಿ, ಬೀದೀಲಿ ಇದ್ದಿಲಿನಿಂದ ಇಸ್ತ್ರಿ ಮಾಡೋರನ್ನ ನೋಡಿ ಸೌರಶಕ್ತಿಯ ಇಸ್ತ್ರಿ ಗಾಡಿ ರೂಪಿಸಿ, 2021ರಲ್ಲಿ ಗ್ಲಾಸ್ಗೋ ಹವಾಮಾನ ಸಮ್ಮೇಳನದಲ್ಲಿ ಮಾತಾಡಿದ್ದು ನಿಮಗೆ ನೆನಪಿರಬಹುದು. ಅಂಥ ಗಾಡಿ ಕೊಣನೂರಿಗೆ ಬಂದಾಗ ಬರಲಿ.

ದುಡ್ಡಿನ ಲೆಕ್ಕ ಬದಲಾಯಿಸಿದ್ದು ಮಾತ್ರ ಷರ್ಟಲ್ಲ, ಸೀರೆ. ಈಗಿನ ಹುಡುಗೀರು ಮದುವೆ, ಗೃಹಪ್ರವೇಶ ಅಂದರೆ ಸೀರೆಗೆ ಮೊದಲೇ ನೆರಿಗೆ ಹಿಡಿಸಿ, ಸೆರಗು ಮಡಿಸಿ, ಇಸ್ತ್ರಿ ಮಾಡಿಸಿ, ಡಬ್ಬಿಯಲ್ಲಿಟ್ಟು ತರಿಸ್ಕೋತಾರೆ. ಪ್ರೀಪ್ಲೀಟಿಂಗ್ ಅಂತ ಹೆಸರು. ಒಂದು ಸೀರೆಗೆ ಅತ್ತಿಗೆ 200 ತಗೋತಾರೆ, ಮುಕ್ಕಾಲು ಗಂಟೆ ಕೆಲಸ. ಅದೇ ಮುಕ್ಕಾಲು ಗಂಟೇಲಿ ಷರ್ಟಾದರೆ ಏಳು ಆದರೆ ಹೆಚ್ಚು. ಯಾರ ಸೊಂಟ ಎಷ್ಟು, ಎತ್ತರ ಎಷ್ಟು ಅಂತ ಪುಸ್ತಕದ ಹಿಂದಿನ ಹಾಳೇಲಿ ಬರೆದಿಟ್ಟಿದ್ದಾರೆ. ಬೀದಿ ಕೊನೆಯ ಲೇಡೀಸ್ ಟೈಲರ್ ಬ್ಲೌಸ್ ಹೊಲಿಸೋಕೆ ಬಂದವರನ್ನ ಇಲ್ಲಿಗೆ ಕಳಿಸ್ತಾರೆ. ಹೋದ ಷಷ್ಠಿ ರಥೋತ್ಸವಕ್ಕೆ ಎರಡು ದಿನದಲ್ಲಿ ಹದಿನಾಲ್ಕು ಸೀರೆ ಬಂತು. ಕಾಲು ಊದಿಕೊಂಡು ಅತ್ತಿಗೆ ಜಾತ್ರೆಗೇ ಹೋಗಲಿಲ್ಲ. ಗಂಟೆಗೊಮ್ಮೆ ಕೂರಬೇಕು ಅಂತ ನಾನು ಹೇಳ್ತಾನೇ ಇರ್ತೀನಿ, ಕೇಳಲ್ಲ.

ತಾತನಿಗೆ ಸಂಬಂಧಿಸಿದ ಒಂದು ಕಾಗದದ ಕೆಲಸವನ್ನೂ ನಾನು ಹಿಡ್ಕೊಂಡಿದ್ದೀನಿ. 2023ರ ಸೆಪ್ಟೆಂಬರ್ 17ಕ್ಕೆ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ ಹದಿನೆಂಟು ಕಸುಬುಗಳಲ್ಲಿ ಬಟ್ಟೆ ಒಗೆಯೋರ ಕಸುಬೂ ಇದೆ. ತರಬೇತಿ ಅವಧಿಗೆ ದಿನಕ್ಕೆ 500, ಸಲಕರಣೆಗೆ 15,000 ರೂಪಾಯಿ, ಆಮೇಲೆ ಐದು ಪರ್ಸೆಂಟ್ ಬಡ್ಡಿಗೆ ಮೊದಲ ಕಂತಿನ ಒಂದು ಲಕ್ಷದವರೆಗೆ ಸಾಲ. ಒಂದು ಕುಟುಂಬಕ್ಕೆ ಒಬ್ಬರು. ಇಂಥ ಕಸುಬಿನವರು ನಿಮ್ಮ ಬೀದೀಲಿದ್ದರೆ ಕಾಮನ್ ಸರ್ವೀಸ್ ಸೆಂಟರಿಗೆ ಜೊತೆಗೆ ಹೋಗಿ ವಿಚಾರಿಸಿ. ಆಧಾರ್ ಬೆರಳಚ್ಚು ಕೇಳ್ತಾರೆ. ಐವತ್ತು ವರ್ಷ ಬಿಸಿ ಪೆಟ್ಟಿಗೆ ಹಿಡಿದ ತಾತನ ಬೆರಳಲ್ಲಿ ಗೆರೆ ಸವೆದುಹೋಗಿವೆ, ಯಂತ್ರ ಮೂರು ಸಲ ಬೇಡ ಅಂತು. ಅವರನ್ನ ಮತ್ತೊಂದು ಸಲ ಕರ್ಕೊಂಡು ಹೋಗಬೇಕು.

ದೊಡ್ಡಮ್ಮ ಈಗಲೂ ಆ ಕೋಣೆಗೆ ಕಾಲಿಡಲ್ಲ. ಆದರೆ ಅತ್ತಿಗೆ ಮನೇಲಿಲ್ಲದಾಗ ಯಾರಾದರೂ ಬಟ್ಟೆ ತಂದರೆ ಜಗಲಿ ಮೇಲೇ ನಿಂತು, "ಎಣಿಸಿ ಇಟ್ಟು ಹೋಗಿ, ಬೆಳಿಗ್ಗೆ ಸಿಗ್ತದೆ" ಅಂತಾರೆ.

ಹೋದ ವಾರ ಖಾಸಗಿ ಶಾಲೆಯೊಂದರಿಂದ ಫೋನ್ ಬಂತು. ಹಾಸ್ಟೆಲ್ ಮಕ್ಕಳ ಯೂನಿಫಾರ್ಮ್, ವಾರಕ್ಕೆ ಇನ್ನೂರು ಜೊತೆ. ಒಂದಕ್ಕೆ ಆರು ರೂಪಾಯಿ ಅಂದರು. ಒಬ್ಬರ ಕೈಲಿ ಆಗೋ ಕೆಲಸವೂ ಅಲ್ಲ. ಅತ್ತಿಗೆ ತಾತನ ಮನೆಗೆ ಹೋಗಿ ಅರ್ಧ ಗಂಟೆ ಮಾತಾಡಿ ಬಂದರು. ತಾತನ ಸೊಸೆಯನ್ನೂ ಸೇರಿಸಿಕೊಂಡು ಅರ್ಧ ಅರ್ಧ ಮಾಡೋದು ಅಂತ ಆಗಿದೆ. ದೊಡ್ಡ ಆರ್ಡರ್ ಅಂತ ಒಂದು ರೂಪಾಯಿ ಬಿಡೋಣ, ಒಂಬತ್ತು ಅನ್ನಿ ಅಂದಿದ್ದಾರೆ ತಾತ. ಶಾಲೆಯವರು ಕೇಳಿಸಿಕೊಂಡು, ತಿಳಿಸ್ತೀವಿ ಅಂದರು. ಇದನ್ನ ಬರೆಯೋ ಹೊತ್ತಿಗೆ ಇನ್ನೂ ತಿಳಿಸಿಲ್ಲ.